ಹಳ್ಳದ ಮರುವಾಯಿ

ಸತ್ಯ ಹೇಳುವುದಾದರೆ, ಆ ಚಿಪ್ಪನ್ನು ಮೊದಲ ಸಲ ಕಂಡಾಗ ನನಗೆ ನೆನಪಾದದ್ದು ಸುಕ್ಕ. ಬ್ಯಾಡಗಿ ಮೆಣಸು, ಕೊತ್ತಂಬರಿ ಹುರಿದು, ಕಾಯಿತುರಿ ಹಾಕಿ, ನೀರು ಇಂಗುವ ತನಕ ಸಣ್ಣ ಉರಿಯಲ್ಲಿ ಬೇಯಿಸಿದ ಮರುವಾಯಿ ಸುಕ್ಕ. ಮರುವಾಯಿ ಎಂದರೆ ನಮ್ಮ ಕರಾವಳಿಯಲ್ಲಿ ತಿನ್ನುವ ಚಿಪ್ಪು. ಬೆಳಿಗ್ಗೆ ವಾಕಿಂಗ್ ಹೊರಟವಳ ಬಾಯಲ್ಲಿ ನೀರೂರಿತು. ಖಾರಘರದ ಗುಡ್ಡದ ಬುಡದಲ್ಲಿ, ನಮ್ಮ ಸೆಕ್ಟರಿನ ಕೊನೆಯ ರೋ ಹೌಸುಗಳ ಹಿಂದೆ, ನಮ್ಮ ಬಿಲ್ಡಿಂಗಿನ ಮೈಸೂರು ಮೇಡಂ ಪ್ಯಾಂಟನ್ನು ಮೊಣಕಾಲಿಗೆ ಮಡಚಿ ನೀರಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದರು. ಅವರ ಅಂಗೈಯಲ್ಲಿ ಹೆಬ್ಬೆರಳಿಗಿಂತ ತುಸು ಉದ್ದದ, ಕಪ್ಪು ಮಿಶ್ರಿತ ಹಸಿರು ಬಣ್ಣದ ಚಿಪ್ಪಿತ್ತು. ಬಾಯಿ ಮುಚ್ಚಿಕೊಂಡಿತ್ತು, ಅಂದರೆ ಜೀವ ಇತ್ತು.

“ಇದು ತಿನ್ನುವ ಜಾತಿಯಾ?” ಎಂದು ಕೇಳಿಯೇಬಿಟ್ಟೆ.

ಮೇಡಂ ತಲೆಯೆತ್ತಿ ನೋಡಿದರು. ಅವರು ನವಿ ಮುಂಬಯಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು. ಮಾತು ಮೆತ್ತಗೆ, ಬೈಯುವಾಗಲೂ ‘ದಯವಿಟ್ಟು’ ಸೇರಿಸುವ ಪೈಕಿ. “ಅಕ್ಕ, ದಯವಿಟ್ಟು ಹಾಗನ್ಬೇಡಿ. ಇದು ಸಿಹಿನೀರಿನ ಚಿಪ್ಪು. ಈ ಕಡೆ ಇನ್ನು ಉಳಿದೇ ಇಲ್ಲ ಅಂದ್ಕೊಂಡಿದ್ದೆ ನಾನು. ಎಷ್ಟು ತೊರೆ ಹುಡುಕಿದೀನಿ ಗೊತ್ತಾ?” ಎಂದರು. ಹೇಳುತ್ತಾ ತೋಳಿನಿಂದ ಕಣ್ಣೊರೆಸಿಕೊಂಡರು. ಚಿಪ್ಪಿಗೆ ಅಳುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ, ಹಾಗಾಗಿ ಸುಕ್ಕದ ವಿಷಯ ಅಲ್ಲಿಗೇ ನುಂಗಿಕೊಂಡೆ.

ಆ ನೀರಿಗೆ ನಮ್ಮಲ್ಲಿ ಒಂದೇ ಒಂದು ಹೆಸರು ಅಂತ ಇಲ್ಲ. ಮುನಿಸಿಪಾಲಿಟಿಯವರಿಗೆ ಅದು ನಾಲಾ. ಉಡುಪಿ ಕಡೆಯ ನನಗೆ ತೋಡು. ಕೊನೆಯ ರೋ ಹೌಸಿನಲ್ಲಿರುವ, ಎಲ್ಲರೂ ವೈನಿ ಎನ್ನುವವರಿಗೆ ಹಳ್ಳ, ಮೇಡಂಗೆ ತೊರೆ. ಗುಡ್ಡದಿಂದ ಇಳಿದು, ಒಂದು ನೇರಳೆ ಮರದ ಕೆಳಗೆ ಗುಂಡಿಯಾಗಿ ನಿಂತು, ಅಲ್ಲಿಂದ ರೋ ಹೌಸುಗಳ ಹಿತ್ತಿಲು ಸವರಿಕೊಂಡು ರಸ್ತೆಯ ಕೆಳಗಿನ ಮೋರಿಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಹರಿವು ನಿಂತರೂ ನೇರಳೆ ಗುಂಡಿ ಬತ್ತುವುದಿಲ್ಲ, ಎಲ್ಲೋ ಒಳಗಿಂದ ಒರತೆ ಇದೆ. ಚಿಪ್ಪುಗಳಿದ್ದದ್ದು ಆ ಗುಂಡಿಯ ಕೆಸರಿನೊಳಗೆ.

ಮೇಡಂ ಅಲ್ಲೇ ನಿಂತು ನನಗೆ ಪಾಠ ಮಾಡಿದರು. ಈ ಚಿಪ್ಪಿನ ಮರಿ ತಾನೇ ಊರು ಬದಲಿಸಲಾರದು. ಕಣ್ಣಿಗೆ ಕಾಣದಷ್ಟು ಸಣ್ಣದಿರುವಾಗ ಮೀನಿನ ಕಿವಿರಿಗೆ ಅಂಟಿಕೊಂಡು ಕೆಲವು ದಿನ ಸವಾರಿ ಮಾಡಿ, ಆಮೇಲೆ ಮರಳಿನಲ್ಲಿ ಬಿದ್ದು ಬದುಕು ಶುರುಮಾಡುತ್ತದೆ. ನಿಧಾನಕ್ಕೆ ಬೆಳೆಯುತ್ತದೆ. ದಿನವಿಡೀ ನೀರನ್ನು ಒಳಗೆಳೆದು ಸೋಸಿ ಬಿಡುತ್ತದೆ. ಬಿಸಿಲು ಜೋರಾದರೆ ಕೆಸರಿನಲ್ಲಿ ಹುದುಗಿಕೊಂಡು ಮಳೆಗೆ ಕಾಯುತ್ತದೆ. “ಅಂದರೆ ಈಗ, ಮೇ ತಿಂಗಳಲ್ಲಿ, ಎಲ್ಲಾ ಈ ಕೆಸರಲ್ಲೇ ಇವೆ ಅಕ್ಕ. ಮುಂದಿನ ವಾರ ನಾಲಾ ಸಫಾಯಿ. ಜೆಸಿಬಿ ಬಂದು ಎರಡು ಸಲ ಬಾಚಿದ್ರೆ ಮುಗೀತು.”

ಮಳೆಗೆ ಮುಂಚೆ ನಾಲೆಗಳ ಹೂಳೆತ್ತುವುದು ನಮ್ಮ ಕಡೆ ವರ್ಷ ವರ್ಷದ ಪದ್ಧತಿ. ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ, ಏಕೆಂದರೆ ಅದು ಒಳ್ಳೆಯ ಕೆಲಸ. ನಮ್ಮ ತೋಡಿಗೆ ಮಾತ್ರ ಯಾವ ವರ್ಷವೂ ಯಂತ್ರ ಬಂದಿರಲಿಲ್ಲ, ಅಷ್ಟು ಸಣ್ಣದು ಅದು. ಈ ವರ್ಷ ಬರುವುದು ಯಾಕೆಂದರೆ ವೈನಿ ಕಂಪ್ಲೇಂಟ್ ಕೊಟ್ಟಿದ್ದರು.

ವೈನಿ ವಿಜಾಪುರದ ಕಡೆಯವರು. ಅವರ ಸೀಮೆಯಲ್ಲಿ ಅತ್ತಿಗೆಯನ್ನು ಕರೆಯುವ ಆ ಮಾತಿನಲ್ಲೇ ಇಡೀ ಸಾಲು ಅವರನ್ನು ಕರೆಯುತ್ತದೆ. ಹಿತ್ತಿಲ ಕಡೆಯ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದು ಸುತ್ತಮುತ್ತಲ ಕನ್ನಡದ ಮನೆಗಳಿಗೆ ಕೊಡುತ್ತಾರೆ. ಗಂಡ, ಕಾಲೇಜಿಗೆ ಹೋಗುವ ಮಗಳು, ಹಾಸಿಗೆ ಹಿಡಿದ ಅತ್ತೆ. ಹಿಂದಿನ ಮಳೆಗಾಲದಲ್ಲಿ ತೋಡು ಉಕ್ಕಿ ಅವರ ಮನೆಯೊಳಗೆ ಮೊಣಕಾಲುದ್ದ ನೀರು ಬಂದಿತ್ತು. ಹಿಟ್ಟಿನ ಚೀಲಗಳು ತೊಯ್ದವು, ಗ್ಯಾಸ್ ಸಿಲಿಂಡರ್ ಅಡುಗೆಮನೆಯಲ್ಲಿ ತೇಲಾಡಿತು, ಅತ್ತೆಯನ್ನು ಕಂಬಳಿಯಲ್ಲಿ ಎತ್ತಿ ಪಕ್ಕದವರ ಮಹಡಿಗೆ ಸಾಗಿಸಿದರು. ಕಂಪ್ಲೇಂಟ್ ಕೊಡದೆ ಇನ್ನೇನು ಮಾಡಿಯಾರು? ಅವರ ಜಾಗದಲ್ಲಿ ನಾನಿದ್ದಿದ್ದರೆ ಮುನಿಸಿಪಾಲಿಟಿಯ ಬಾಗಿಲು ಕಿತ್ತು ತರುತ್ತಿದ್ದೆ.

ಆದರೂ ನಾನು ಚಿಪ್ಪಿನ ಪಕ್ಷ ಹಿಡಿದೆ. ಕಾರಣ ಡೊಂಬಿವಲಿ. ಅಲ್ಲಿ ನಮ್ಮದೊಂದು ಸಣ್ಣ ಹೋಟೆಲಿತ್ತು, ಗಲ್ಲಾದ ಮೇಲೆ ಕುಳಿತು ನನ್ನ ಅರ್ಧ ಆಯುಷ್ಯ ಕಳೆಯಿತು. ಮನೆ ಎಂಐಡಿಸಿ ಕಾರ್ಖಾನೆಗಳ ಹತ್ತಿರ. ಅಲ್ಲಿನ ನಾಲೆಯನ್ನು ನಾವು ಮೂಗು ಹಿಡಿದುಕೊಂಡೇ ದಾಟುತ್ತಿದ್ದೆವು. ನಮ್ಮ ಹಾಲಿನವನ ಅಪ್ಪ ಒಮ್ಮೆ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ, ಚಿಕ್ಕಂದಿನಲ್ಲಿ ಅದರಲ್ಲೇ ಮೀನು ಹಿಡಿಯುತ್ತಿದ್ದೆ ಎಂದಾಗ ನಾನು ನಕ್ಕಿದ್ದೆ. ಆಮೇಲೆ ಯೋಚಿಸಿದೆ: ಅದನ್ನು ಯಾರೂ ಒಂದೇ ದಿನಕ್ಕೆ ಕೊಂದಿರಲಾರರು. ದಿನಾ ದಿನಾ ಸಾಯುತ್ತಿತ್ತು, ದಿನಾ ದಿನಾ ಜನ ದಾಟುತ್ತಿದ್ದರು. ಯಜಮಾನರಿಗೆ ಉಬ್ಬಸ ಹೆಚ್ಚಾಗಿ, ಹೋಟೆಲನ್ನು ಮೈದುನನ ಮಗನಿಗೆ ವಹಿಸಿ ಖಾರಘರಕ್ಕೆ ಬಂದ ಮೇಲೆ, ಈ ತೋಡಿನ ಪಕ್ಕ ವಾಸನೆಯಿಲ್ಲದೆ ಉಸಿರಾಡುವಾಗೆಲ್ಲ ಆ ನಾಲೆ ನೆನಪಾಗುತ್ತಿತ್ತು. ಇನ್ನೊಂದು ನೀರು ನನ್ನ ಕಣ್ಣೆದುರು ಹೋಗುವುದು ಬೇಡ ಎಂದು ಅವತ್ತೇ ನಿರ್ಧರಿಸಿಬಿಟ್ಟೆ.

ಯಜಮಾನರಿಗೆ ಹೇಳಿದಾಗ ಅವರು ಪೇಪರಿನ ಮರೆಯಿಂದಲೇ, “ಹೋಯಿತು. ಇನ್ನು ನಿನ್ನದು ಉಡದ ಪಟ್ಟು. ಆ ಇಂಜಿನಿಯರಿನ ಗ್ರಹಚಾರ” ಎಂದರು.

ಮರುದಿನವೇ ನಾನು, ಮೇಡಂ ವಾರ್ಡ್ ಆಫೀಸಿಗೆ ಹೋದೆವು. ಇಂಜಿನಿಯರ್ ಮರಾಠಿಯವರು, ಕೆಟ್ಟವರೇನಲ್ಲ. ಮೇಡಂ ತಮ್ಮ ಫೋನಿನಲ್ಲಿ ಚಿಪ್ಪಿನ ಫೋಟೋ ತೋರಿಸಿದರು, ಅವರು ಕನ್ನಡಕ ಏರಿಸಿ ನೋಡಿದರು. “ಮ್ಯಾಡಮ್, ಪೂರಾ ನಾಲಾ ಛೋಡ್ ನಹೀ ಸಕ್ತೇ. ಜಗಾ ದಿಖಾವೋ. ಔರ್ ಜಿಸ್‌ಕಾ ಕಂಪ್ಲೇಂಟ್ ಹೈ, ವೋ ಖುದ್ ಬೋಲೇ” ಎಂದರು. ಎರಡು ಷರತ್ತು. ಚಿಪ್ಪುಗಳು ಎಲ್ಲೆಲ್ಲಿವೆ ಎಂದು ಗುರುತು ಮಾಡಿ ತೋರಿಸಬೇಕು, ಅಷ್ಟು ಜಾಗ ಬಿಡಬಹುದು. ಮತ್ತೆ ವೈನಿ ತಾವಾಗಿಯೇ, ಅಷ್ಟು ಬಿಟ್ಟರೂ ತಕರಾರಿಲ್ಲ ಎನ್ನಬೇಕು. ಹೊರಗೆ ಬಂದ ಮೇಲೆ ಮೇಡಂ, “ಅಡ್ಡಗೋಡೆ ಮೇಲೆ ದೀಪ ಇಟ್ರು” ಎಂದು ಬೇಸರಪಟ್ಟರು. ದೀಪ ಇಟ್ಟಿದ್ದಾರಲ್ಲ, ಅಷ್ಟು ಬೆಳಕು ಸಾಕು ಎಂದೆ ನಾನು.

ಗುರುತು ಮಾಡುವುದೇ ದೊಡ್ಡ ಕೆಲಸವಾಯಿತು. ಮೇಡಂ ಹತ್ತಿರ ಒಂದು ಜರಡಿ, ಒಂದು ಚೌಕಟ್ಟು. ಕೆಸರು ತೆಗೆದು, ಜರಡಿ ಹಿಡಿದು, ನೋಡಿ, ವಾಪಸು ಹಾಕಿ, ಮುಂದಿನ ಚೌಕ. ಅವರ ಶ್ರದ್ಧೆಗೆ ಕೈಮುಗಿಯಬೇಕು. ಆದರೆ ಆ ಲೆಕ್ಕದಲ್ಲಿ ಹೋದರೆ ಗುಂಡಿ ಮುಗಿಯುವುದರೊಳಗೆ ಗಣಪತಿ ಹಬ್ಬ ಬರುತ್ತಿತ್ತು.

ಅವರು ಬಾಗಿ ಬಾಗಿ ಸೊಂಟ ಹಿಡಿದುಕೊಳ್ಳುವುದನ್ನು ನೋಡುತ್ತಾ ಕೂತಿದ್ದಾಗ ನನಗೆ ಹೊಳೆಯಿತು, ಇದಕ್ಕೆ ಕಣ್ಣು ಯಾಕೆ? ನಮ್ಮ ಊರು ಹೊಳೆ ಸಮುದ್ರ ಸೇರುವ ಜಾಗ. ಇಳಿತದ ಹೊತ್ತಿಗೆ ಅಜ್ಜಿಯ ಹಿಂದೆ ನಾವು ಮಕ್ಕಳು ಕೆಸರಿಗಿಳಿದರೆ ಯಾರೂ ಬಗ್ಗಿ ಹುಡುಕುತ್ತಿರಲಿಲ್ಲ. ಮರುವಾಯಿ ಸಿಕ್ಕುವುದು ಕಾಲಿಗೆ. ಹಿಮ್ಮಡಿಯನ್ನು ಕೆಸರಿನಲ್ಲಿ ಮೆಲ್ಲಗೆ ತಿರುಪಬೇಕು. ಕಲ್ಲಾದರೆ ಜಾರುತ್ತದೆ. ಮರುವಾಯಿಯಾದರೆ ನೆಟ್ಟಗೆ ನಿಂತಿರುತ್ತದೆ, ಅದರ ಅಂಚು ಪಾದಕ್ಕೆ ಮೊಂಡು ಚೂರಿಯ ಹಾಗೆ ತಾಗುತ್ತದೆ. ಮಾತಾಡುತ್ತಾ, ನಗುತ್ತಾ, ಹಾಡು ಹೇಳುತ್ತಾ ಮಾಡುವ ಕೆಲಸ ಅದು. ನಾನು ಚಪ್ಪಲಿ ಬಿಟ್ಟು ಗುಂಡಿಗಿಳಿದೆ. ಎಷ್ಟೋ ವರ್ಷಗಳ ನಂತರ ಕೆಸರಿಗಿಟ್ಟ ಕಾಲು. ಸ್ವಲ್ಪ ಹೊತ್ತಿನಲ್ಲೇ ಬಲಗಾಲಿನ ಹಿಮ್ಮಡಿಗೆ ಏನೋ ಒತ್ತಿತು. “ಮೇಡಂ, ಇಲ್ಲಿ” ಎಂದೆ. ಅವರು ಕೈಹಾಕಿ ತಡವಿದರು, ಇತ್ತು. ಮೇಡಂ ನನ್ನ ಕಾಲನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ.

ಒಂದು ಜೊತೆ ಕಾಲು ಸಾಲದು. ಶನಿವಾರ ನಮ್ಮ ಭಜನಾ ಮಂಡಳಿಯಲ್ಲಿ ಮಂಗಳಾರತಿ ಆದ ಮೇಲೆ ವಿಷಯ ಎತ್ತಿದೆ. ಅಲ್ಲಿ ಇರುವವರೆಲ್ಲ ಉಡುಪಿ, ಮಂಗಳೂರು ಕಡೆಯ ಹೆಂಗಸರು. ಗಂಡಂದಿರು ಹೋಟೆಲು, ಬ್ಯಾಂಕು, ಟ್ರಾನ್ಸ್‌ಪೋರ್ಟ್. ಎಲ್ಲರಿಗೂ ಮೊಣಕಾಲು ನೋವು, ಎಲ್ಲರಿಗೂ ಸಕ್ಕರೆ ಕಾಯಿಲೆ. ಆದರೆ ಮರುವಾಯಿ ಎಂದದ್ದೇ ತಡ, ಹಿಂದಿನ ಸಾಲಿನವರೂ ಮುಂದೆ ಬಂದರು. ನಾನು ತುಳುವಿನಲ್ಲಿ ಬಿಡಿಸಿ ಬಿಡಿಸಿ ಹೇಳಿದೆ: ಹೆಕ್ಕಲಿಕ್ಕಿಲ್ಲ, ತಿನ್ನಲಿಕ್ಕಿಲ್ಲ, ಕಾಲಿಗೆ ಸಿಕ್ಕಿದ ಜಾಗ ತೋರಿಸಿದರೆ ಸಾಕು. ಎಲ್ಲರೂ ತಲೆಯಾಡಿಸಿದರು. ಮಂಡಳಿಯ ಹಿರಿಯರಾದ ದೊಡ್ಡಕ್ಕ ಮಾತ್ರ, “ತಿನ್ನುವುದಕ್ಕಿಲ್ಲದ ಮರುವಾಯಿಗೆ ಇಷ್ಟು ದೊಡ್ಡ ಜಾತ್ರೆಯಾ ಮಾರಾಯ್ತಿ?” ಎಂದು ನಿಟ್ಟುಸಿರು ಬಿಟ್ಟರು.

ಭಾನುವಾರ ಬೆಳಿಗ್ಗೆ ಅವರೆಲ್ಲ ನೈಟಿ, ಹಳೇ ಸೀರೆ ಎತ್ತಿಕಟ್ಟಿ ಗುಂಡಿಗಿಳಿದ ದೃಶ್ಯ ನೋಡಲು ಎದುರಿನ ಬಿಲ್ಡಿಂಗಿನ ಬಾಲ್ಕನಿಗಳೆಲ್ಲ ತುಂಬಿದವು. ಎರಡು ಸುತ್ತು ಹಾಕುವುದರೊಳಗೆ ಮಂಡಳಿಯವರ ನೋವು, ಸಂಕೋಚ ಎರಡೂ ಬಿಟ್ಟುಹೋದವು. ಕೆಲಸ ಸರಾಗವಾಗಿ ಸಾಗುತ್ತಿದೆ ಎಂದು ನಾನೂ ಮೇಡಂ ಅವರೂ ಗುರುತಿಗೆ ನೆಡಲು ಬಿದಿರುಕಡ್ಡಿ ತರಲು ನರ್ಸರಿಗೆ ಹೋದೆವು. ನರ್ಸರಿಯವನು ಕಡ್ಡಿ ಕಡಿದು ಕೊಡಲು ಹೊತ್ತು ಮಾಡಿದ. ಬರುವಾಗ ಬಿಸಿಲು ಏರಿತ್ತು.

ಗುಂಡಿಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ವೈನಿಯ ಹಿತ್ತಿಲ ಗೋಡೆಯ ನೆರಳಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ನಡುವೆ ಒದ್ದೆ ಗೋಣಿ ಮುಚ್ಚಿದ ಎರಡು ಬಕೆಟ್. ದೊಡ್ಡಕ್ಕ ಗೋಣಿ ಸರಿಸಿ ಹೆಮ್ಮೆಯಿಂದ ತೋರಿಸಿದರು. “ನೋಡು, ಚೊಕ್ಕ ಮಾಡಿ ಇಟ್ಟಿದ್ದೇವೆ. ದೊಡ್ಡದು ಬೇರೆ, ಸಣ್ಣದು ಬೇರೆ.”

ತುಂಬಾ ಚಿಪ್ಪು. ಗುಂಡಿಯಲ್ಲಿದ್ದ ಚಿಪ್ಪಿನಲ್ಲಿ ಮುಕ್ಕಾಲು ಪಾಲು ಅಲ್ಲೇ ಇತ್ತೇನೋ. ಹೇಳಿದ್ದು ಕಿವಿಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ. ಕಾಲಿಗೆ ಮರುವಾಯಿ ಸಿಕ್ಕಿದರೆ ಕೈ ಹೋಗಿ ಎತ್ತುತ್ತದೆ, ಅದು ನಮ್ಮವರ ಹುಟ್ಟುಗುಣ. ಮೇಡಂ ಬಿಳಿಚಿಕೊಂಡು, “ಈ ನೀರು ಎಲ್ಲಿಂದು?” ಎಂದು ಕೇಳಿದರು.

“ನಳ್ಳಿಯದ್ದು. ಒಳಗಿನ ಹೊಯ್ಗೆ, ಮರಳು ಉಗುಳಲಿ ಅಂತ ಒಂದೆರಡು ಮುಷ್ಟಿ ಉಪ್ಪು ಹಾಕಿದ್ದೇನೆ” ಎಂದರು ದೊಡ್ಡಕ್ಕ. “ಉಪ್ಪುನೀರಲ್ಲಿಟ್ಟರೆ ಅದಕ್ಕೂ ಮನೆಯಲ್ಲಿ ಇದ್ದ ಹಾಗೆ ಆಗ್ತದೆ.”

ಸಮುದ್ರದ ಮರುವಾಯಿಗೆ ಹಾಗೆಯೇ ಮಾಡುವುದು. ನಮ್ಮ ಅಮ್ಮ, ಅಜ್ಜಿ ಎಲ್ಲ ಮಾಡಿದ್ದು ಹಾಗೆಯೇ. ಆದರೆ ಇವು ಹುಟ್ಟಿದಾರಭ್ಯ ಉಪ್ಪಿನ ಮುಖ ಕಾಣದವು. ಮೇಡಂ ಬಕೆಟಿನ ಮುಂದೆ ಕುಸಿದು ಕುಳಿತರು. “ಸತ್ತೋಗ್ತವೆ” ಎಂದರು, ಅಷ್ಟೇ. ಕೆಲವು ಆಗಲೇ ಬಾಯಿ ತೆರೆದು ಒಳಗಿನ ಬಿಳಿ ಮಾಂಸ ಹೊರಗೆ ಹಾಕಿದ್ದವು. ನನಗೆ ಸಿಟ್ಟು ನೆತ್ತಿಗೇರಿತು. ಗಲ್ಲಾದ ಮೇಲೆ ಕುಳಿತು ಕಲಿತ ಬೈಗುಳಗಳೆಲ್ಲ ಒಟ್ಟಿಗೇ ಬಾಯಿಗೆ ಬಂದವು, ದೊಡ್ಡಕ್ಕ ಎಂದೂ ನೋಡದೆ ಶುರುಮಾಡಿದೆ.

ನನ್ನನ್ನು ತಡೆದದ್ದು ವೈನಿ. ಅಲ್ಲಿಯವರೆಗೆ ಅವರು ಹಿಂಬಾಗಿಲಲ್ಲಿ ನಿಂತು ಈ ಗೌಜನ್ನು ನೋಡುತ್ತಿದ್ದರು, ನಮ್ಮ ಕೆಲಸಕ್ಕೆ ಅಡ್ಡಿಯನ್ನೂ ಮಾಡಿರಲಿಲ್ಲ, ಒಪ್ಪಿಗೆಯನ್ನೂ ಕೊಟ್ಟಿರಲಿಲ್ಲ. “ಬೈಯೋದು ಆಮ್ಯಾಲೆ ಬೈರಿ. ಅವು ಸಾಯಾಕತ್ತಾವೇನು?” ಎಂದು ಮೇಡಂ ಅವರನ್ನು ಕೇಳಿದರು. ಹೌದು ಎಂದದ್ದೇ ತಡ, ಒಳಗೋಡಿ ಎರಡು ಕೊಡ ತಂದು ಗುಂಡಿಗಿಳಿದು ನೀರು ತುಂಬಿದರು. “ಉಪ್ಪು ನಾ ಕೊಟ್ಟೀನ್ರಿ. ಅಡಗಿಗೆ ಬೇಕಾಗ್ಯಾದ ಅಂತ ತಿಳದ ಕೊಟ್ಟೆ. ನಮ್ಮ ಮನಿ ಉಪ್ಪಿನಾಗ ಜೀವ ಹೋಗಬಾರದು” ಎಂದು ಹೇಳುತ್ತಲೇ ಬಕೆಟಿನ ನೀರು ಚೆಲ್ಲಿದರು.

ಮೀನು ಮಾರುವವಳು ಎದುರು ಬಂದರೆ ಸೆರಗಿನಿಂದ ಮೂಗು ಮುಚ್ಚುವ ವೈನಿ, ಆ ಲೋಳೆ ಲೋಳೆ ಚಿಪ್ಪುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ತೊಳೆದರು. ನಾವೆಲ್ಲ ಕೈಜೋಡಿಸಿದೆವು. ಮರದ ನೆರಳಿನ ತೆಳು ನೀರಿನಲ್ಲಿ ಸಾಲಾಗಿ ಇಟ್ಟು ಕಾದೆವು. ದೊಡ್ಡಕ್ಕ ಕಣ್ಣೊರೆಸಿಕೊಳ್ಳುತ್ತಿದ್ದರು, ಅವರ ಮೇಲೆ ನನಗೆ ಮರುಕ ಬಂತು. ಮಧ್ಯಾಹ್ನ ತಿರುಗುವ ಹೊತ್ತಿಗೆ ಒಂದು ಚಿಪ್ಪು ಮೆಲ್ಲಗೆ ಬಾಯಿ ಬಿಟ್ಟು, ನಾಲಿಗೆಯಂಥ ಪಾದ ಹೊರಗೆ ಹಾಕಿ ಕೆಸರನ್ನು ತಡವಿತು. ಆಮೇಲೆ ಇನ್ನೊಂದು. ಕೆಲವು ಕೊನೆಗೂ ಮುಚ್ಚಲೇ ಇಲ್ಲ. ಅವನ್ನು ಮೇಡಂ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು.

ಉಳಿದವುಗಳನ್ನು ಎಲ್ಲಿಂದ ಎತ್ತಿದ್ದು ಎಂದು ಯಾರಿಗೂ ಹೇಳಲು ಬರಲಿಲ್ಲ. ಆದರೆ ಕಾಲಿಗೆ ಗೊತ್ತಿತ್ತು. ಸಂಜೆ ಮಂಡಳಿಯವರು ಮತ್ತೆ ಇಳಿದು, ಕೈ ಬೆನ್ನಿಗೆ ಕಟ್ಟಿಕೊಂಡು, ಬೆಳಿಗ್ಗೆ ನಡೆದ ಹಾಗೆಯೇ ನಡೆದು ತೋರಿಸಿದರು. ಇಲ್ಲಿ ಮರಳು ಜಾಸ್ತಿ ಇತ್ತು, ಇಲ್ಲಿ ಬೇರು ತಾಗಿತ್ತು, ಇಲ್ಲಿ ನೀರು ತಣ್ಣಗಿತ್ತು. ಮೇಡಂ ಆಯಾ ಜಾಗದಲ್ಲಿ ಚಿಪ್ಪು ಬಿಟ್ಟು, ಸುತ್ತ ಬಿದಿರುಕಡ್ಡಿ ನೆಟ್ಟರು. ಕಡ್ಡಿಗಳಿಗೆ ದೊಡ್ಡಕ್ಕ ತಮ್ಮ ಕೆಂಪು ಸೀರೆಯೊಂದನ್ನು ಹರಿದು ಕಟ್ಟಿದರು. ಹರಿದದ್ದು ಹಳೇ ಸೀರೆಯಲ್ಲ, ಒಳ್ಳೆಯದೇ. ನಾನು ಕಂಡೂ ಕಾಣದ ಹಾಗೆ ಇದ್ದೆ.

ಎಲ್ಲರೂ ಹೋದ ಮೇಲೆ ವೈನಿ ನನ್ನನ್ನು ಕೂರಿಸಿಕೊಂಡರು. “ಅಕ್ಕಾರ, ಸಾಯೋದು ನೋಡಲಾರದಕ ಬಂದೆ. ಹಂಗಂತ ಕಂಪ್ಲೇಂಟ್ ಹಿಂದ ತಗೋತೀನಿ ಅಂತ ತಿಳೀಬ್ಯಾಡ್ರಿ. ಹ್ವಾದ ಮಳಿಗಾಲ ನಮ್ಮತ್ತಿ ಮಂಚದ ಕೆಳಗ ನೀರು ಆಡತಿತ್ತು.”

ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ನೀರು ಉಕ್ಕಿದ್ದು ಗುಂಡಿಯ ಕೆಸರಿನಿಂದಲ್ಲ, ಕೆಳಗಿನ ಮೋರಿ ಕಟ್ಟಿಕೊಂಡದ್ದರಿಂದ. ಮೋರಿಯನ್ನು, ಅದರ ಕೆಳಗಿನದ್ದನ್ನು ಯಂತ್ರ ಹಾಕಿ ಚೊಕ್ಕ ಮಾಡಿಸೋಣ. ಗುಂಡಿಯ ಪ್ಲಾಸ್ಟಿಕ್ಕನ್ನು ನಾವೇ ಕೈಯಿಂದ ಎತ್ತುತ್ತೇವೆ.

“ಅದು ನಿಮ್ಮ ಲೆಕ್ಕ. ನೀರಿಗೆ ಗೊತ್ತೇನ್ರಿ ನಿಮ್ಮ ಲೆಕ್ಕ?” ಎಂದರು ವೈನಿ.

ಮೂರನೇ ಮಹಡಿಯಲ್ಲಿ ಇರುವವಳು ನಾನು, ಮಾತು ನನಗೆ ಸಲೀಸು. ಅದಕ್ಕೇ ಹೇಳಿದೆ: “ಈ ಮಳೆಗಾಲ ನಿಮ್ಮ ಮನೆಯೊಳಗೆ ನೀರು ಬಂದರೆ, ಇಂಜಿನಿಯರಿಗೆ ಫೋನ್ ಮಾಡಿ ಗುಂಡಿಯನ್ನೂ ಬಾಚಿ ಅಂತ ನಾನೇ ಹೇಳ್ತೇನೆ. ನಿಮ್ಮ ಎದುರೇ ಮಾಡ್ತೇನೆ.”

“ಜೋರು ಮಳಿ ಬಂದ ದಿನ ಇಲ್ಲೇ ಬಂದು ಕೂಡಬೇಕು. ನಮ್ಮ ಜೋಡಿ.”

“ಕೂರ್ತೇನೆ.”

ಮರುದಿನ ಅವರು ಇಂಜಿನಿಯರಿಗೆ ತಮ್ಮ ಮುರುಕು ಮರಾಠಿಯಲ್ಲಿ ಫೋನ್ ಮಾಡಿ, ನೇರಳೆ ಮರದ ಹತ್ತಿರ ಬಿಟ್ಟುಬಿಡಿ ಎಂದರು. ಮೇಡಂ ಸಂತೋಷದಿಂದ ನನ್ನನ್ನು ತಬ್ಬಿಕೊಂಡರು. ನಾನು ಕೊಟ್ಟ ಮಾತಿನ ವಿಷಯ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಆ ಮಳೆಗಾಲವಿಡೀ ಅವರಿಗೂ ನಿದ್ದೆ ಇರುತ್ತಿರಲಿಲ್ಲ.

ಜೆಸಿಬಿ ಬಂದ ದಿನ ನಾನು ಪ್ಲಾಸ್ಟಿಕ್ ಕುರ್ಚಿ, ಕೊಡೆ, ನೀರಿನ ಬಾಟಲಿ ಹಿಡಿದು ಹೋಗಿ ಕಡ್ಡಿಗಳ ಮುಂದೆ ಕುಳಿತೆ. ಡ್ರೈವರ್ ಉತ್ತರದ ಕಡೆಯವನು. “ಮೌಸೀ, ದಬ್ ಜಾವೋಗೀ” ಎಂದು, ಯಂತ್ರದಡಿ ಸಿಕ್ಕಿಬೀಳುತ್ತೀ ಎಂಬಂತೆ ನಕ್ಕ. ದಬ್ಬಿ ನೋಡು ಎಂದೆ. ಇಂಜಿನಿಯರ್ ಹೇಳಿದ್ದರಿಂದ ಅವನು ಈ ಕಡೆ ಬರುವವನೇ ಅಲ್ಲ. ಆದರೂ ಕುಳಿತೆ, ಏಕೆಂದರೆ ಹೇಳಿದ್ದು ಕಿವಿಗೆ ಹೋಗಿ ಕೈಗೆ ಹೋಗದಿರುವುದನ್ನು ಒಮ್ಮೆ ನೋಡಿಯಾಗಿತ್ತು. ಯಂತ್ರದ ಬಾಯಿ ಮೋರಿಯಿಂದ ಒಂದೊಂದೇ ಹೊರಗೆಳೆಯಿತು: ಹಾಸಿಗೆ, ಗಣಪತಿ ಮಂಟಪದ ಥರ್ಮೋಕೋಲ್, ಸೈಕಲ್ಲಿನ ಟಯರು, ಯಾರದೋ ಮನೆಯ ಒಡೆದ ಕಮೋಡ್. ಪ್ರತಿಯೊಂದಕ್ಕೂ ನಾನು ವೈನಿಯ ಬಾಗಿಲ ಕಡೆ ನೋಡುತ್ತಿದ್ದೆ. ಅವರು ಕೊನೆಗೆ, “ಆತು, ಕಂಡೆ” ಎಂದು ಕೈಯಾಡಿಸಿದರು. ಮಧ್ಯಾಹ್ನ ನನಗೂ ಡ್ರೈವರಿಗೂ ರೊಟ್ಟಿ, ಎಣ್ಣೆಗಾಯಿ ಕಳಿಸಿದರು.

ಆ ಜೂನಿನಲ್ಲಿ ಮಳೆ ಒಳ್ಳೆಯ ಹುಡುಗಿಯ ಹಾಗೆ ಬಂದು ಹೋಗುತ್ತಿತ್ತು. ನೇರಳೆ ಉದುರಿ ಗುಂಡಿಯ ನೀರು ನೀಲಿಯಾಯಿತು. ಮೇಡಂ ದಿನಾ ಸಣ್ಣ ಮೀನುಗಳನ್ನು ನೋಡುತ್ತಾ ನಿಲ್ಲುತ್ತಿದ್ದರು. ನಾನು ಮಾತ್ರ ಮೋಡ ನೋಡುತ್ತಿದ್ದೆ. ದೇವರಿಗೆ ಹರಕೆ ಹೇಳಿಕೊಂಡೆ ಎಂದರೆ ಯಜಮಾನರು ನಗುತ್ತಾರೆ, ಅದಕ್ಕೆ ಯಾರಿಗೂ ಹೇಳಲಿಲ್ಲ.

ಜುಲೈಯಲ್ಲಿ ಒಂದು ಬೆಳಿಗ್ಗೆ ವೈನಿಯ ಫೋನ್ ಬಂತು. “ಬರ್ರಿ ಅಕ್ಕಾರ” ಎಂದಷ್ಟೇ ಹೇಳಿದರು. ಹಿಂದಿನ ದಿನದಿಂದ ಬಿಟ್ಟೂಬಿಡದೆ ಸುರಿಯುತ್ತಿತ್ತು. ಲೋಕಲ್ ರೈಲು ನಿಂತಿತ್ತು, ಅವರ ಗಂಡ ರಾತ್ರಿ ಪಾಳಿಗೆ ಹೋದವರು ಬಂದಿರಲಿಲ್ಲ. ಮೋರಿಯ ನೀರು ಸೇರುವ ಖಾಡಿಯಲ್ಲಿ ಸಮುದ್ರದ ಭರತ ಬೇರೆ, ಗುಡ್ಡದ ನೀರಿಗೆ ಹೋಗಲು ದಾರಿಯಿಲ್ಲ. ನಾನು ನೆನೆದುಕೊಂಡು ಹೋಗಿ ಅತ್ತೆಯ ಮಂಚದ ಕಾಲಡಿ ಕುಳಿತೆ. ಆ ಮುದುಕಿಗೆ ಕಿವಿ ಕೇಳಿಸದು, ಮನೆಗೆ ನೆಂಟರು ಬಂದರು ಎಂದುಕೊಂಡು ನನ್ನ ಕೈ ಹಿಡಿದು ಊಟ ಆಯಿತೇ ಎಂದು ಮತ್ತೆ ಮತ್ತೆ ಕೇಳಿದರು. ನಾನು, ವೈನಿ ಇಬ್ಬರೂ ಹಿಂಬಾಗಿಲನ್ನೇ ನೋಡುತ್ತಿದ್ದೆವು. ತೋಡು ಹಿತ್ತಿಲಿಗೆ ಬಂತು. ತುಳಸಿಕಟ್ಟೆಯ ಬುಡಕ್ಕೆ ಬಂತು. ಅಲ್ಲಿ ನಿಂತ ಹಾಗೆ ಕಂಡಿತು.

ಅಡುಗೆಮನೆಯಲ್ಲಿದ್ದ ಮಗಳು, “ಮಮ್ಮೀ, ಪಾನೀ ಅಂದರ್ ಆ ರಹಾ ಹೈ” ಎಂದಳು.

ಬಂತು. ಬಾಗಿಲ ಅಡಿಯಿಂದ ತೆಳ್ಳಗೆ, ನೇರಳೆ ಎಲೆಗಳನ್ನು ಹೊತ್ತುಕೊಂಡು ಬಂತು. ಹಿಂದಿನ ವರ್ಷದಷ್ಟಲ್ಲ, ಪಾದ ಮುಳುಗುವಷ್ಟು. ಆದರೆ ಎಷ್ಟು ಬಂದರೆ ಎಂಬ ಮಾತು ನಮ್ಮ ನಡುವೆ ಆಗಿರಲಿಲ್ಲ, ಬಂದರೆ ಎಂದಷ್ಟೇ ಆಗಿತ್ತು. ಆ ಬಿದಿರುಕಡ್ಡಿಗಳು, ಆ ಕೆಂಪು ಚೂರುಗಳು, ಮೇಡಂ ಮುಖ, ಎಲ್ಲ ಕಣ್ಣ ಮುಂದೆ ಬಂತು. ಕೊಟ್ಟ ಮಾತನ್ನು ತಿನ್ನುವವಳಲ್ಲ ನಾನು. ಕುಪ್ಪಸದಿಂದ ಫೋನ್ ತೆಗೆದು ಇಂಜಿನಿಯರಿನ ನಂಬರ್ ಹುಡುಕಿದೆ. ಎರಡು ಸಲ ತಪ್ಪು ನಂಬರ್ ಒತ್ತಿದೆ.

ವೈನಿ ನನ್ನ ಕೈಯಿಂದ ಫೋನ್ ಕಸಿದು ರೊಟ್ಟಿ ಡಬ್ಬಿಯ ಮೇಲಿಟ್ಟರು. “ಮೊದಲ ಆ ಹಿಟ್ಟಿನ ಚೀಲ ಎತ್ತಾಕ ಕೈ ಹಚ್ಚರಿ” ಎಂದರು.

ಚೀಲ ಎತ್ತಿ ಮೇಜಿನ ಮೇಲಿಟ್ಟೆವು. ಸಿಲಿಂಡರ್ ಎತ್ತಿದೆವು. ಅತ್ತೆಯ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟೆವು. ಆಮೇಲೆ ಮೂವರೂ ಸಾಲಾಗಿ ನಿಂತು ನೀರು ತೋಡಿ ಮುಂಬಾಗಿಲಿನಿಂದ ಹೊರಗೆ ಚೆಲ್ಲಿದೆವು. ಭರತ ಇಳಿಯುವ ಹೊತ್ತಿಗೆ ನೀರೂ ಇಳಿಯಿತು, ಮೋರಿ ಗುಳುಗುಳು ಎಂದು ಎಳೆದುಕೊಳ್ಳುವ ಸದ್ದು ಒಳಗೇ ಕೇಳುತ್ತಿತ್ತು. ನೆಲದ ಮೇಲೆ ತೆಳುವಾಗಿ ಕೆಸರು ಉಳಿಯಿತು. ವೈನಿ ಪೊರಕೆ ಹಿಡಿದು ನಿಂತು ಆ ಕೆಸರನ್ನೇ ನೋಡಿದರು. ಹಿಂಬಾಗಿಲಿಗೆ ಹೋಗಿ ಅಡಿಪಟ್ಟಿಯ ಮೇಲೆ ಗೇಣು ಹಾಕಿ ಅಳೆದರು.

ನಾನೇ ಬಾಯಿಬಿಟ್ಟು, “ವೈನಿ, ಫೋನ್ ಕೊಡಿ. ಮಾತು ಅಂದರೆ ಮಾತು” ಎಂದೆ.

“ಮಾತು ನಿಮ್ಮದು, ಮನಿ ನಂದು” ಎಂದರು ಅವರು. “ಮಿಷನ್ ತರಿಸಿದ್ರ ಅವು ಹೋಗ್ತಾವು, ಮತ್ತ ಬರಂಗಿಲ್ಲ. ಹೊಸ್ತಿಲ ಎತ್ತರ ಮಾಡಿಸಿದ್ರ ನಾವೇನು ಎಲ್ಲಿಗೂ ಹೋಗಂಗಿಲ್ಲಲ್ಲ.”

ನಾನು ಅತ್ತುಬಿಟ್ಟೆ. ಗಲ್ಲಾದ ಮೇಲೆ ಅಷ್ಟು ವರ್ಷ ಕುಳಿತರೂ ಗಿರಾಕಿಗಳ ಮುಂದೆ ಒಂದು ಹನಿ ಹಾಕದವಳು, ಕೆಸರಿನ ಮೇಲೆ ಕುಳಿತು ಕಣ್ಣೀರಿಟ್ಟೆ. ಮುದುಕಿ ಮಂಚದಿಂದ, ಊಟ ಆಗಿಲ್ಲವೇನೋ ಪಾಪ, ಬಡಿಸು ಎಂದು ಸೊಸೆಗೆ ಹೇಳಿದರು.

ಮಳೆ ಬಿಟ್ಟ ಮೇಲೆ ಗೌಂಡಿ ಬಂದು ಹಿಂಬಾಗಿಲಿಗೆ ಹೊಸ ಹೊಸ್ತಿಲು ಕಟ್ಟಿದ. ಅದು ಈಗ ಹೆಚ್ಚುಕಮ್ಮಿ ನನ್ನ ಮೊಣಕಾಲಿನವರೆಗೆ ಬರುತ್ತದೆ. ದಿನಾ ಬೆಳಿಗ್ಗೆ ಗುಂಡಿ ನೋಡಿಕೊಂಡು ಅವರ ಮನೆಗೆ ಚಹಾಕ್ಕೆ ಹೋಗುವಾಗ ಅದನ್ನು ದಾಟುವುದು ನನಗೆ ಕಷ್ಟ. ಗೋಡೆ ಹಿಡಿದರೆ ಸಾಲದು, ಒಳಗಿನಿಂದ ವೈನಿ ಕೈ ಕೊಡಬೇಕು. ಕೊಡುತ್ತಾರೆ.